ಹೊಂಬಾಳಮ್ಮನ ಹುಳುಮನೆಯೂ ಮೊಮ್ಮಗಳ ಕಣ್ಣೂ

ಹೊಂಬಾಳಮ್ಮನ ಹುಳುಮನೆಗೆ ಕಾಲು ತೊಳೆಯದೆ ಹೋದವರು ಯಾರೂ ಇಲ್ಲ. ಹೋಗಲು ನೋಡಿದವರು ಇದ್ದಾರೆ. ಸೊಸೆಯ ತಂದೆ ಒಮ್ಮೆ ಹಸಿರು ಅಂಚಿನ ಹೊಸ ಪಂಚೆ ಉಟ್ಟುಕೊಂಡು ಬಂದವರು, ಬೀಗಿತ್ತಿಯ ರೇಷ್ಮೆ ಬೆಳೆ ಹೇಗಿದೆ ನೋಡೋಣವೆಂದು ನೇರವಾಗಿ ಬಾಗಿಲಿಗೆ ಕೈಹಾಕಿದರು. ಬಾಗಿಲ ಪಕ್ಕದಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನ ಎರಡು ಬೇಸಿನ್ನುಗಳು ಸದಾ ಇರುತ್ತವೆ, ಒಂದು ಕಾಲಿಗೆ, ಇನ್ನೊಂದು ಕೈಗೆ. ಹೊಂಬಾಳಮ್ಮ ಸೊಪ್ಪಿನ ಕಟ್ಟು ಕೆಳಗಿಟ್ಟು, "ಅದರಲ್ಲಿ ಕಾಲು, ಇದರಲ್ಲಿ ಕೈ ಅದ್ದಿ ಬನ್ನಿ ಬೀಗ್ರೆ. ಇಲ್ದಿದ್ರೆ ಅಲ್ಲೇ ಜಗುಲಿ ಮ್ಯಾಲೆ ಕೂತ್ಕಳಿ, ಕಾಫಿ ತತ್ತೀನಿ" ಎಂದಳು. ಬೀಗರು ಅದ್ದಿದರು. ಪಂಚೆಯ ಹಸಿರು ಅಂಚು ಅಲ್ಲಲ್ಲಿ ಬೆಳ್ಳಗಾಯಿತು. ಆ ಪಂಚೆಯ ಮಾತು ಎರಡು ಮನೆಗಳಲ್ಲೂ ಇನ್ನೂ ನಡೆಯುತ್ತದೆ.

ಪಕ್ಕದ ತೋಟದ ಲಿಂಗಯ್ಯನೂ ರೇಷ್ಮೆ ಬೆಳೆಗಾರ. ಹೊಂಬಾಳಮ್ಮನಿಗಿಂತ ನಾಲ್ಕಾರು ವರ್ಷ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. "ಏನಕ್ಕ, ಹುಳಕ್ಕಿರೋ ಮರ್ವಾದೆ ಮನ್ಸುಂಗಿಲ್ವಾ?" ಎಂದು ಅವನು ಅಂದೇ ಬೇಲಿಯಾಚೆಯಿಂದ ಕೂಗಿದ್ದ.

"ಇಲ್ಲ ಕಣ್ಲಾ. ಮನ್ಸುಂಗೆ ಕಾಯಿಲೆ ಬಂದ್ರೆ ಆಸ್ಪತ್ರೆಗೆ ಓಯ್ತಾನೆ. ಹುಳ ಎಲ್ಲಿಗೋದಾತು?"

ಊರು ಇರುವುದು ಬೆಸಗರಹಳ್ಳಿಯಿಂದ ಒಳಕ್ಕೆ. ಸುತ್ತ ಕಬ್ಬು, ಭತ್ತ, ನಡುನಡುವೆ ಹಿಪ್ಪುನೇರಳೆ. ಹೊಂಬಾಳಮ್ಮ ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಹುಳು ಸಾಕುತ್ತಿರಲಿಲ್ಲ. ಗಂಡ ಶಿವಣ್ಣನಿಗೆ ಕಬ್ಬು ಸಾಕಾಗಿತ್ತು. ಇವಳು ತವರಿನಲ್ಲಿ ಕಲಿತ ಕೆಲಸವನ್ನು ಹಠ ಹಿಡಿದು ಇಲ್ಲಿ ಶುರುಮಾಡಿದಳು. ಮೊದಲ ಬೆಳೆ ಹಾಲುತೊಂಡೆ ರೋಗಕ್ಕೆ ಸಿಕ್ಕಿ, ಹುಳುಗಳ ಮೈ ಊದಿ, ಹಾಲಿನಂಥ ರಸ ಸೋರಿ, ತಟ್ಟೆತಟ್ಟೆಯೇ ಗುಂಡಿಗೆ ಹೋಯಿತು. ಅಂದಿನಿಂದ ಅವಳ ಬದುಕಿನಲ್ಲಿ ಶುಚಿ ಎನ್ನುವುದು ಅಭ್ಯಾಸವಾಗಿ ಉಳಿಯಲಿಲ್ಲ, ಕಾನೂನಾಯಿತು. ಬೆಳೆಯಿಂದ ಬೆಳೆಗೆ ಗೋಡೆಗೆ ಸುಣ್ಣ, ನೆಲಕ್ಕೆ ಬ್ಲೀಚಿಂಗ್, ತಟ್ಟೆಗೆ ಬಿಸಿಲು. ಒಂದು ಹುಳು ಮಂಕಾಗಿ ಕಂಡರೆ ಆಚೆಗೆ. ನಾಳೆ ನೋಡೋಣ ಎಂಬ ಮಾತಿಲ್ಲ.

ಶಿವಣ್ಣ ತೀರಿಕೊಂಡ ದಿನ ಹುಳುಗಳು ಮೂರನೇ ಜ್ವರದಿಂದ ಎದ್ದಿದ್ದವು. ಹುಳು ಮೇವು ಬಿಟ್ಟು, ಅಲುಗದೆ ಕೂತು ಪೊರೆ ಕಳಚುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ಎದ್ದ ಹುಳುವಿಗೆ ಹಸಿವು ಜಾಸ್ತಿ. ಹೆಣ ಎತ್ತಿದ ಮೇಲೆ ಹೊಂಬಾಳಮ್ಮ ತಲೆಗೆ ನೀರು ಹೊಯ್ದುಕೊಂಡು ಹೋಗಿ ಸೊಪ್ಪು ಹಾಕಿ ಬಂದಳು. ಇವಳಿಗೆ ಗಂಡನಿಗಿಂತ ಹುಳುವೇ ಹೆಚ್ಚಾಯಿತೆಂದು ಊರು ಬಹಳ ಕಾಲ ಆಡಿಕೊಂಡಿತು. ಬೆಳೆ ಚೆನ್ನಾಗಿ ಬಂತು, ಮಗನ ಕಾಲೇಜು ಮುಗಿಯಿತು.

ಆ ಮಗ ಶಿವರಾಜು ಈಗ ಮಳವಳ್ಳಿಯ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಸೊಸೆ ಮದ್ದೂರಿನ ಬಳಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ; ಬೆಳಕು ಹರಿಯುವ ಹೊತ್ತಿಗೆ ಊರ ಮುಂದೆ ವ್ಯಾನು ಬಂದಿರುತ್ತದೆ. ಹೀಗಾಗಿ ಮೊಮ್ಮಗಳು ದೀಪಿಕ ಬೆಳೆದದ್ದು ಅಜ್ಜಿಯ ಕೈಯಲ್ಲಿ, ಬಹುಪಾಲು ಹುಳುಮನೆಯ ಹೊಸ್ತಿಲಲ್ಲಿ.

ದೀಪಿಕಳ ಕಣ್ಣಿನ ತೊಂದರೆ ಮೊದಲು ಗೊತ್ತಾದದ್ದು ಶಾಲೆಯಲ್ಲಿ. ಕಣ್ಣು ಪರೀಕ್ಷೆಗೆ ಬಂದವರು ಗೋಡೆಯ ಮೇಲಿನ ಅಕ್ಷರ ಓದು ಎಂದರೆ, ಹುಡುಗಿ ಅಕ್ಷರ ಹಾಗಿರಲಿ, ಹಾಳೆಯೇ ಮಸುಕು ಎಂದಳು. ಹತ್ತಿರದ್ದು ಕಾಣುತ್ತಿತ್ತು, ದೂರದ್ದು ಕಾಣುತ್ತಿರಲಿಲ್ಲ. ಮದ್ದೂರಿನಲ್ಲಿ ಕನ್ನಡಕ ಮಾಡಿಸಿದರು. ಮುಂದಿನ ವರ್ಷ ನಂಬರು ಏರಿತು, ಅದರ ಮುಂದಿನ ವರ್ಷ ಮತ್ತೆ. ಏಳನೇ ತರಗತಿಗೆ ಬರುವಷ್ಟರಲ್ಲಿ ಗಾಜು ಕಣ್ಣಿಗೆ ಕಾಣುವಷ್ಟು ದಪ್ಪವಾಗಿತ್ತು. ಹುಡುಗಿಗೆ ಖೋಖೋ ಎಂದರೆ ಪ್ರಾಣ. ಓಡುವಾಗ ಕನ್ನಡಕ ಜಾರುತ್ತದೆ, ಬಗ್ಗಿದರೆ ಬೀಳುತ್ತದೆ. ತೆಗೆದಿಟ್ಟು ಆಡಿದರೆ ಎದುರಿನವಳು ಎತ್ತ ತಿರುಗಿದಳೋ ತಿಳಿಯುವುದಿಲ್ಲ. ತಂಡದಲ್ಲಿ ಅವಳಿಗೆ 'ಸೋಡಾಬುಡ್ಡಿ' ಎಂಬ ಹೆಸರು ಬಿದ್ದಿತ್ತು.

ಹೆಸರಿನ ಬಗ್ಗೆ ಹೊಂಬಾಳಮ್ಮ ತಲೆ ಕೆಡಿಸಿಕೊಳ್ಳಲಿಲ್ಲ. ಏರುವ ನಂಬರಿನ ಬಗ್ಗೆ ಕೆಡಿಸಿಕೊಂಡಳು. ಮಂಡ್ಯದ ಕಣ್ಣಿನ ಡಾಕ್ಟರು ಶಶಿಧರ್, ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯುತ್ತ ಹೋಗುವುದೇ ಇದರ ಮೂಲವೆಂದೂ, ನಂಬರು ಬಹಳ ಏರಿದರೆ ದೊಡ್ಡವಳಾದ ಮೇಲೆ ಕಣ್ಣಿನ ಒಳಪದರಕ್ಕೆ ತೊಂದರೆ ಬರುವ ಸಂಭವ ಹೆಚ್ಚೆಂದೂ ಹೇಳಿದ್ದರು. ಬೆಳೆಯುವ ವಯಸ್ಸಿನಲ್ಲೇ ಅದನ್ನು ನಿಧಾನಗೊಳಿಸಬೇಕು. ಈ ಮಾತು ಹೊಂಬಾಳಮ್ಮನಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಹುಳುವಿಗೂ ಚಿಕ್ಕದರಲ್ಲಿ ಆದ ಕೇಡು ಗೂಡು ಕಟ್ಟುವಾಗ ಕಾಣುತ್ತದೆ.

ರಾತ್ರಿ ಹಾಕುವ ಲೆನ್ಸಿನ ಸುದ್ದಿ ತಂದವನು ಶಿವರಾಜು. ಅವನ ಜೊತೆ ಕೆಲಸ ಮಾಡುವವರೊಬ್ಬರ ಮಗನಿಗೆ ಅದನ್ನು ಹಾಕುತ್ತಿದ್ದರಂತೆ. ಒಂದು ಸೋಮವಾರ ರಜೆ ಹಾಕಿ ಮಗಳನ್ನೂ ತಾಯಿಯನ್ನೂ ಮಂಡ್ಯಕ್ಕೆ ಕರೆದುಕೊಂಡು ಹೋದ. ಡಾಕ್ಟರು ಕಣ್ಣು ನೋಡಿ, ಹಾಕಬಹುದು ಎಂದರು. ಉಳಿದದ್ದನ್ನು ವಿವರಿಸಲು ಅಲ್ಲಿ ಕಣ್ಣು ಪರೀಕ್ಷೆ ಮಾಡುವ ಯಾಸ್ಮಿನ್ ಇದ್ದಳು, ಮಂಡ್ಯದವಳೇ, ಮಾತಿನಲ್ಲಿ ಗಡಿಬಿಡಿಯಿಲ್ಲದ ಹುಡುಗಿ.

"ಮಲಗುವಾಗ ಹಾಕಬೇಕು, ಎದ್ದ ಮೇಲೆ ತೆಗೀಬೇಕು. ರಾತ್ರಿಯೆಲ್ಲ ಇದು ಕಣ್ಣಿನ ಮುಂಭಾಗದ ಉಬ್ಬನ್ನು ಮೆತ್ತಗೆ ತಗ್ಗಿಸುತ್ತೆ. ಹಗಲು ಕನ್ನಡಕ ಇಲ್ಲದೆ ಕಾಣುತ್ತೆ. ಹಾಕೋದು ಬಿಟ್ಟರೆ ಸ್ವಲ್ಪ ದಿನಕ್ಕೆ ಕಣ್ಣು ಮೊದಲಿನ ಹಾಗೇ ಆಗುತ್ತೆ."

"ಅಂದ್ರೆ ವಾಸಿ ಆಗಾಕಿಲ್ಲ" ಎಂದಳು ಹೊಂಬಾಳಮ್ಮ.

"ವಾಸಿ ಆಗಲ್ಲ ಅಮ್ಮ. ನಂಬರು ಏರೋದು ನಿಧಾನ ಆಗುತ್ತೆ. ಎಲ್ಲ ಮಕ್ಕಳಿಗೂ ಒಂದೇ ಸಮ ಅಂತ ಹೇಳಕ್ಕಾಗಲ್ಲ."

"ಅಪಾಯ ಏನೈತೆ, ಅದನ್ನ ಮೊದ್ಲು ಏಳು."

ಯಾಸ್ಮಿನ್ ನಕ್ಕಳು. ಸಾಮಾನ್ಯವಾಗಿ ಜನ ಬೆಲೆ ಕೇಳಿದ ಮೇಲೆ ಇದನ್ನು ಕೇಳುತ್ತಾರೆ, ಕೆಲವರು ಕೇಳುವುದೇ ಇಲ್ಲ. "ಸೋಂಕು ಅಮ್ಮ. ಅಪರೂಪ, ಆದರೆ ಬಂದರೆ ಕಣ್ಣಿನ ಕರಿಗುಡ್ಡೆ ಮೇಲೆ ಹುಣ್ಣಾಗುತ್ತೆ, ದೃಷ್ಟಿ ಹೋಗಬಹುದು. ಕನ್ನಡಕದಲ್ಲಿ ಆ ಭಯವೇ ಇಲ್ಲ. ಇದು ಮುಚ್ಚಿದ ಕಣ್ಣೊಳಗೆ ರಾತ್ರಿಯೆಲ್ಲ ಇರೋ ವಸ್ತು. ಸೋಪಲ್ಲಿ ಕೈ ತೊಳೆದು, ಒಗೆದ ಬಟ್ಟೇಲಿ ಒಣಗೋ ಹಾಗೆ ಒರೆಸಿ, ಆಮೇಲೆ ಮುಟ್ಟಬೇಕು. ಲೆನ್ಸಿಗೆ ಈ ಬಾಟಲಿ ದ್ರವ ಬಿಟ್ಟು ಇನ್ನೇನೂ ತಾಗಬಾರದು, ಕಾಯಿಸಿದ ನೀರೂ ಕೂಡ. ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ನೋಡಕ್ಕಾಗದಿದ್ದರೆ ಲೆನ್ಸು ತೆಗೆದು ಆವತ್ತೇ ಇಲ್ಲಿಗೆ ಬರಬೇಕು."

"ಸುಚಿ ವಿಚಾರ ನಂಗೆ ಬುಡು ಕಣವ್ವ" ಎಂದಳು ಹೊಂಬಾಳಮ್ಮ. ಹೇಳಿದ ಧಾಟಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಶಿವರಾಜು ಪಕ್ಕದಿಂದ, "ನಮ್ಮವ್ವನ ಹುಳುಮನೆ ನೋಡಿದ್ರೆ ನಿಮ್ಮ ಆಪರೇಷನ್ ಥಿಯೇಟರಿಗೆ ನಾಚಿಕೆ ಆಗ್ಬೇಕು ಮೇಡಂ" ಎಂದು ಸೇರಿಸಿದ. ಯಾಸ್ಮಿನ್ ಅದನ್ನು ನಂಬಿದಳು. ನಂಬದಿರಲು ಕಾರಣವೂ ಇರಲಿಲ್ಲ.

ಮೊದಲ ತಿಂಗಳುಗಳು ಹೇಳಿದಂತೆಯೇ ನಡೆದವು. ರಾತ್ರಿ ಊಟವಾದ ಮೇಲೆ ನಡುಮನೆಯಲ್ಲಿ ಒಗೆದ ಟವಲು ಹಾಸಿ, ಅದರ ಮೇಲೆ ಡಬ್ಬಿ, ಬಾಟಲಿ, ಕನ್ನಡಿ ಇಟ್ಟು, ಹುಡುಗಿ ಕೈತೊಳೆದು ಬಂದು ಲೆನ್ಸು ಹಾಕುವವರೆಗೆ ಅಜ್ಜಿ ಕದಲುತ್ತಿರಲಿಲ್ಲ. ಸೊಸೆ ಕೆಲಸದಿಂದ ದಣಿದು ಬಂದವಳು ಪಕ್ಕದಲ್ಲಿ ಕೂತು, "ಅತ್ತೆ, ಹುಳ ಜ್ವರಕ್ಕೆ ಕೂತಂಗೆ ಕೂತಿದ್ದೀರಲ್ಲ" ಎಂದು ತಮಾಷೆ ಮಾಡುತ್ತಿದ್ದಳು. ಹಗಲು ದೀಪಿಕ ಬರಿಗಣ್ಣಲ್ಲಿ ಓಡಿದಳು, ಕಂಬ ಸುತ್ತಿದಳು, ಮದ್ದೂರಿನಲ್ಲಿ ನಡೆದ ಪಂದ್ಯದಲ್ಲಿ ಹಿರಿಯ ಹುಡುಗಿಯರನ್ನು ಮುಟ್ಟಿ ಔಟು ಮಾಡಿ ಬಂದಳು. ಸೋಡಾಬುಡ್ಡಿ ಎಂಬ ಹೆಸರು ತಾನಾಗಿ ಅಳಿಸಿಹೋಯಿತು. ಪರೀಕ್ಷೆಗೆ ಹೋದಾಗಲೆಲ್ಲ ಯಾಸ್ಮಿನ್ ಚೆನ್ನಾಗಿದೆ ಎಂದಳು. ಹೊಂಬಾಳಮ್ಮ ಸರಿಯಾದ ನಿರ್ಧಾರ ಮಾಡಿದೆನೆಂದು ಎದೆಯುಬ್ಬಿಸಿಯೇ ಓಡಾಡಿದಳು.

ಕೆಡುಕು ಬೀದಿಯಿಂದ ಶುರುವಾಯಿತು. ಊರಿಗೆ ಕಾಂಕ್ರೀಟ್ ರಸ್ತೆ ಬಂತು. ಚರಂಡಿಗೆಂದು ಮನೆಗಳ ಮುಂದೆಲ್ಲ ಅಗೆದು ಹಾಕಿದರು. ಸಿಮೆಂಟಿನ ಧೂಳು ನಡುಮನೆಗೆ, ಅಡುಗೆಮನೆಗೆ, ಮುಚ್ಚಿಟ್ಟ ಪಾತ್ರೆಯೊಳಕ್ಕೂ ನುಗ್ಗಿತು. ಒಗೆದು ಹಾಸಿದ ಟವಲಿನ ಮೇಲೆ ಬೆರಳಾಡಿಸಿದರೆ ಬೂದಿ ಹತ್ತುತ್ತಿತ್ತು. ಇಂಥ ಮನೆಯಲ್ಲಿ ಮಗುವಿನ ಕಣ್ಣಿಗೆ ಹಾಕುವ ಸಾಮಾನು ಇಡುವುದು ಹೇಗೆ? ಹಿತ್ತಲಿನಾಚೆ, ಬೀದಿಯಿಂದ ದೂರಕ್ಕೆ, ಸುಣ್ಣ ಬಳಿದು, ಬ್ಲೀಚಿಂಗಿನಲ್ಲಿ ತೊಳೆದು, ಕಿಟಕಿಗೆ ನೈಲಾನ್ ಬಲೆ ಬಿಗಿದ ಹುಳುಮನೆ ಇತ್ತು. ಇಡೀ ಊರಿನಲ್ಲಿ ಅದಕ್ಕಿಂತ ಚೊಕ್ಕ ಜಾಗ ಇನ್ನೊಂದಿಲ್ಲ. ಹೊಂಬಾಳಮ್ಮ ಎರಡನೇ ಯೋಚನೆ ಮಾಡದೆ ಡಬ್ಬಿ, ಬಾಟಲಿ, ಕನ್ನಡಿ ಮೂರನ್ನೂ ಒಯ್ದು ಹುಳುಮನೆಯೊಳಗೆ ಬಾಗಿಲ ಬಳಿಯ ಗೋಡೆಗೂಡಿನಲ್ಲಿಟ್ಟಳು.

ಹುಳುಮನೆಯೊಳಕ್ಕೆ ಹೋಗಬೇಕಾದರೆ ಅಲ್ಲಿನ ಕಾನೂನು ಎಲ್ಲರಿಗೂ ಒಂದೇ. ದೀಪಿಕ ಸೋಪಿನಲ್ಲಿ ಕೈ ತೊಳೆದು ಬರುತ್ತಿದ್ದಳು, ಬಾಗಿಲಲ್ಲಿ ಬ್ಲೀಚಿಂಗ್ ನೀರಿಗೆ ಕೈ ಅದ್ದುತ್ತಿದ್ದಳು, ಒಳಗೆ ಹೋಗಿ ಲೆನ್ಸು ಹಾಕುತ್ತಿದ್ದಳು.

"ಅಜ್ಜಿ, ಕೈ ಗಮ್ ಅಂತೈತೆ."

"ಗಮ್ ಅಂದ್ರೆ ಕ್ರಿಮಿ ಸತ್ತೈತೆ ಅಂತ. ಹಾಕ್ಕೋ."

ಹುಡುಗಿ ಹಾಕಿಕೊಂಡಳು. ಹುಳುಮನೆಯಲ್ಲಿ ಹುಳು ಇಲ್ಲದಷ್ಟು ದಿನ ಒಂದಿಷ್ಟು ಉರಿ ಬಿಟ್ಟರೆ ಬೇರೇನೂ ಆಗಲಿಲ್ಲ. ಆ ಉರಿಯನ್ನು ಹುಡುಗಿ ಹೇಳಲೂ ಇಲ್ಲ. ಹೇಳಿದರೆ ಎಲ್ಲಿ ಮತ್ತೆ ಕನ್ನಡಕ ಬರುತ್ತದೋ ಎಂದು. ಆಮೇಲೆ ಮೊಟ್ಟೆ ಮರಿಮಾಡಿ ಕೊಡುವ ಚಾಕಿ ಕೇಂದ್ರದಿಂದ ಮರಿಹುಳು ಬಂದವು. ಪ್ರತಿ ಜ್ವರ ಎದ್ದಾಗಲೂ ರೋಗ ಬಾರದಿರಲೆಂದು ಹುಳುಗಳ ಮೇಲೆ ಸುಣ್ಣ ಬೆರೆತ ಪುಡಿ ಎರಚುತ್ತಾರೆ. ಬಟ್ಟೆಯಲ್ಲಿ ಕಟ್ಟಿ ಕುಟ್ಟುತ್ತ ಹೋದರೆ ಅದು ಹೊಗೆಯ ಹಾಗೆ ಏಳುತ್ತದೆ, ಬಹಳ ಹೊತ್ತು ಗಾಳಿಯಲ್ಲೇ ನಿಲ್ಲುತ್ತದೆ, ಆಮೇಲೆ ಸಿಕ್ಕಿದ್ದರ ಮೇಲೆಲ್ಲ ಕೂರುತ್ತದೆ. ಬಾಗಿಲ ಬಳಿಯ ಗೋಡೆಗೂಡಿನ ಮೇಲೂ ಕೂತಿತು. ಹೊಂಬಾಳಮ್ಮ ಅದನ್ನು ನೋಡಿದಳು. ನೋಡಿಯೂ ಅದು ಅವಳಿಗೆ ಕೊಳೆ ಎನಿಸಲಿಲ್ಲ. ಜೀವಮಾನವೆಲ್ಲ ರೋಗ ತಡೆದ ಪುಡಿ ಅದು.

ಹುಳು ಹಣ್ಣಾದವು. ಮೈ ಬಾಳೆಹಣ್ಣಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ನೂಲು ಬಿಡಲು ಜಾಗ ಹುಡುಕುವ ಹಂತ. ಆ ಹೊತ್ತಿಗೆ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಹಾಕದಿದ್ದರೆ ಹುಳು ಸೊಪ್ಪಿನ ಕಸದಲ್ಲೇ ನೂಲು ಚೆಲ್ಲಿ ಬೆಳೆ ಹಾಳು. ಆ ದಿನ ಬೆಳೆಗಾರರ ಮನೆಯಲ್ಲಿ ಯಾರೂ ಬೇರೆ ಕೆಲಸಕ್ಕೆ ಸಿಗುವುದಿಲ್ಲ. ಬೆಳಗಾಗುತ್ತಲೇ ಸೊಸೆ ವ್ಯಾನು ಹತ್ತಿದ್ದಳು, ಸಂಘದಲ್ಲಿ ಲೆಕ್ಕ ತಪಾಸಣೆಯೆಂದು ಶಿವರಾಜು ಮಳವಳ್ಳಿಗೆ ಹೊರಟುಹೋಗಿದ್ದ. ಕೈಯಾಳುಗಳಿಬ್ಬರು ಬರುವವರಿದ್ದರು. ಹೊಂಬಾಳಮ್ಮ ಚಂದ್ರಿಕೆಗಳನ್ನು ಸಾಲಾಗಿ ಒರಗಿಸುತ್ತಿದ್ದಾಗ ದೀಪಿಕ ಬಂದು ಹೊಸ್ತಿಲ ಹೊರಗೆ ನಿಂತಳು. ಒಂದು ಕೈ ಬಲಗಣ್ಣಿನ ಮೇಲಿತ್ತು.

"ಕೈ ತೆಗಿ."

"ಬೆಳಕು ಚುಚ್ತೈತೆ ಅಜ್ಜಿ."

ತೆಗೆಸಿ ನೋಡಿದರೆ ಕಣ್ಣು ಕೆಂಪಗೆ ಊದಿ ನೀರು ಸುರಿಸುತ್ತಿತ್ತು. ಎಡಗಣ್ಣೂ ತುಸು ಕೆಂಪು. ಲೆನ್ಸು ತೆಗೆದಿದ್ದೀಯಾ ಎಂದು ಕೇಳಿದರೆ, ಎದ್ದ ಕೂಡಲೇ ತೆಗೆದೆ, ಆದರೂ ಒಳಗೆ ಇರುವ ಹಾಗೇ ಇದೆ ಎಂದಳು. ಎಷ್ಟು ದಿನದಿಂದ ಉರಿ ಎಂದು ಕೇಳಿದ್ದಕ್ಕೆ ಹುಡುಗಿ ತಲೆ ತಗ್ಗಿಸಿದಳು.

ಬೇಲಿಯಾಚೆ ಇದ್ದ ಲಿಂಗಯ್ಯ ಅಷ್ಟರಲ್ಲಿ ಹತ್ತಿರ ಬಂದಿದ್ದ. "ಉಸ್ಣ ಕಣಕ್ಕ. ಎರಡು ತೊಟ್ಟು ಹರಳೆಣ್ಣೆ ಬುಡು, ಇಲ್ಲ ನಂದಬಟ್ಟಲು ಹೂವ ನೆನಾಕಿ ಆ ನೀರು ಬುಡು. ಸಾಯಂಕಾಲಕ್ಕೆ ಸರಿಯಾಯ್ತದೆ. ಹಣ್ಣುಹುಳ ಬುಟ್ಟು ಎಲ್ಲಿಗೋಯ್ತೀಯ?"

"ಏನೂ ಬುಡಾಕಿಲ್ಲ. ಒಂದು ತೊಟ್ಟು ನೀರೂ ಬುಡಾಕಿಲ್ಲ" ಎಂದಳು ಹೊಂಬಾಳಮ್ಮ. ಲೆನ್ಸಿನ ಡಬ್ಬಿ, ಬಾಟಲಿ ಎರಡನ್ನೂ ಇದ್ದ ಹಾಗೇ ಚೀಲಕ್ಕೆ ಹಾಕಿಕೊಂಡಳು. ಶಿವರಾಜುವಿಗೆ ಫೋನು ಮಾಡಿದಳು.

"ಅವ್ವ, ಒಂದು ಗಂಟೆ ಇರು, ಹೇಳಿ ಬೈಕಲ್ಲಿ ಬತ್ತೀನಿ. ಹುಳ ಬೇರೆ ಹಣ್ಣಾಗವೆ..."

"ನೀ ನೆಟ್ಟಗೆ ಮಂಡ್ಯಕ್ಕೆ ಬಾ. ನಾವು ಬಸ್ಸಿಗೆ ಓಯ್ತೀವಿ."

"ಬೆಳೆ ಗತಿ ಏನವ್ವ?"

"ಬೆಳೆ ಇನ್ನೊಂದು ಬತ್ತದೆ ಕಣ್ಲಾ. ಫೋನ್ ಇಡು."

ಗಂಡನ ಹೆಣ ಎತ್ತಿದ ದಿನ ಸೊಪ್ಪು ಹಾಕಿದವಳು ಹಣ್ಣುಹುಳುವನ್ನು ಬಿಟ್ಟು ಹೊರಟದ್ದನ್ನು ಲಿಂಗಯ್ಯ ಕಣ್ಣಾರೆ ನೋಡಿದ. ಅವಳು ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ಲೇ ಲಿಂಗ, ಕೈಯಾಳು ಬತ್ತರೆ. ನೀನೂ ನಿಂತ್ಕೊಂಡು ಹಾಕ್ಸು. ಕಾಲು ತೊಳ್ಕೊಂಡು ಒಳೀಕ್ಕೋಗು."

"ಇಂಥ ಒತ್ನಲ್ಲೂ ಕಾಲೇನಕ್ಕ!"

"ಇಂಥ ಒತ್ನಲ್ಲೂ."

ಬೆಸಗರಹಳ್ಳಿಯಿಂದ ಮದ್ದೂರು, ಮದ್ದೂರಿನಿಂದ ಮಂಡ್ಯ. ಹುಡುಗಿ ದಾರಿಯುದ್ದಕ್ಕೂ ಅಜ್ಜಿಯ ಸೆರಗನ್ನು ಮುಖಕ್ಕೆ ಹಿಡಿದುಕೊಂಡೇ ಕೂತಿದ್ದಳು. ಹೊಂಬಾಳಮ್ಮ ಸಮಾಧಾನದ ಮಾತು ಆಡಲಿಲ್ಲ. ಅವಳಿಗೆ ಅದು ಬರುವುದಿಲ್ಲ. ಬಸ್ಸು ಹನಕೆರೆ ದಾಟುವಾಗ ಒಮ್ಮೆ ಮಾತ್ರ, "ಉಜ್ಜಬ್ಯಾಡ" ಎಂದಳು. ತಲೆಯೊಳಗೆ ಅವಳು ದಿನದಿನದ ಕೆಲಸವನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸಿ ನೋಡುತ್ತಿದ್ದಳು. ಎಲ್ಲೂ ಕೊಳೆ ಸಿಗಲಿಲ್ಲ. ಅದೇ ಅವಳನ್ನು ಹೆದರಿಸಿತು. ಕಾರಣ ಸಿಕ್ಕದ ರೋಗ ಇಡೀ ಮನೆಯನ್ನು ತಿನ್ನುತ್ತದೆ.

ಡಾಕ್ಟರು ಶಶಿಧರ್ ಕಣ್ಣಿಗೆ ಹಳದಿ ಬಣ್ಣದ ಔಷಧ ಮುಟ್ಟಿಸಿ ನೀಲಿ ಬೆಳಕಿನಲ್ಲಿ ಬಹಳ ಹೊತ್ತು ನೋಡಿದರು. ಯಾಸ್ಮಿನ್ ಡಬ್ಬಿ ತೆರೆದು ಮುಚ್ಚಳದ ಅಂಚಿನಲ್ಲಿ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದಳು.

"ಅಮ್ಮ, ಇದೇನು ಬಿಳೀದು?"

"ಹುಳದ ಪುಡಿ."

"ಡಬ್ಬಿ ಎಲ್ಲಿಡ್ತೀರಿ?"

ಹೊಂಬಾಳಮ್ಮ ಹೇಳಿದಳು. ಸಿಮೆಂಟಿನ ಧೂಳಿನಿಂದ ಶುರುಮಾಡಿ, ಹುಳುಮನೆ ಎಷ್ಟು ಚೊಕ್ಕವೆಂದು, ಬಾಗಿಲಲ್ಲಿ ಬ್ಲೀಚಿಂಗ್ ನೀರಿಗೆ ಕೈ ಅದ್ದದೆ ಮೊಮ್ಮಗಳನ್ನೂ ಒಳಗೆ ಬಿಡುವುದಿಲ್ಲವೆಂದು, ಒಂದನ್ನೂ ಮುಚ್ಚಿಡದೆ ಹೇಳಿದಳು. ಹೇಳುತ್ತ ಹೇಳುತ್ತ ಎದುರಿನವಳ ಮುಖ ನೋಡಿ ಮಾತು ನಿಧಾನವಾಯಿತು. ಕೊನೆಯ ವಾಕ್ಯ ಮುಗಿಯುವ ಮೊದಲೇ ಅವಳಿಗೆ ತಿಳಿದುಹೋಯಿತು.

"ಕ್ರಿಮಿ ಕೊಲ್ಲೋ ನೀರು..." ಎಂದಳು.

"ಕಣ್ಣನ್ನೂ ಸುಡುತ್ತೆ" ಎಂದರು ಡಾಕ್ಟರು, ಯಂತ್ರದಿಂದ ತಲೆಯೆತ್ತದೆ. "ಬೆರಳಿನದು ಲೆನ್ಸಿಗೆ ಹತ್ತಿದೆ, ಲೆನ್ಸು ಅದನ್ನು ರಾತ್ರಿಯೆಲ್ಲ ಕಣ್ಣಿಗೆ ಒತ್ತಿ ಹಿಡಿದಿದೆ. ಜೊತೆಗೆ ಸುಣ್ಣದ ಕಣ. ಮೇಲ್ಪದರ ಗೀಚಿಹೋಗಿದೆ. ಗೀಚಿದ ಕಡೆ ಬಲಗಣ್ಣಲ್ಲಿ ಸೋಂಕು ಕೂತಿದೆ, ಚಿಕ್ಕ ಚುಕ್ಕೆ, ಅಂಚಿನಲ್ಲಿದೆ. ನಡುವೆ ಇದ್ದಿದ್ದರೆ ಮಾತು ಬೇರೆ ಇರುತ್ತಿತ್ತು."

"ತಪ್ಪು ನಂದೇನಾ?"

"ನಿಮ್ಮದೇ."

"ಸರಿ" ಎಂದಳು ಹೊಂಬಾಳಮ್ಮ. "ಈಗೇನು ಮಾಡ್ಬೇಕು ಏಳಿ."

ಡಾಕ್ಟರು ಆಗ ತಲೆಯೆತ್ತಿದರು. ಅಳುವವರನ್ನು, ಅಂಗಡಿಯವನನ್ನು ಬೈಯುವವರನ್ನು, ಹಣೆಬರಹ ಎನ್ನುವವರನ್ನು ಅವರು ದಿನವೂ ನೋಡುತ್ತಾರೆ. ಗಂಟೆಗೊಮ್ಮೆ ಹಾಕುವ ಔಷಧ ಬರೆದುಕೊಟ್ಟು, ನಾಳೆ ಮತ್ತೆ ಬರಬೇಕೆಂದರು. ಮನೆಯಲ್ಲಿ ಬೇರೇನನ್ನೂ ಕಣ್ಣಿಗೆ ಹಾಕದೆ, ಕೆಂಪಾದ ದಿನವೇ ಡಬ್ಬಿ ಸಮೇತ ಬಂದದ್ದು ಬಹಳ ದೊಡ್ಡ ಕೆಲಸವಾಯಿತೆಂದೂ ಹೇಳಿದರು. ಅದನ್ನು ಹೊಗಳಿಕೆಯಾಗಿ ಅವಳು ತೆಗೆದುಕೊಳ್ಳಲಿಲ್ಲ. ಮಂಕಾದ ಹುಳುವನ್ನು ನಾಳೆಗಿಡಬಾರದೆನ್ನುವುದು ಅವಳಿಗೆ ಹೊಸ ವಿಷಯವೇನೂ ಅಲ್ಲ.

ಸಾಯಂಕಾಲ ಶಿವರಾಜುವಿನ ಬೈಕಿನಲ್ಲಿ ಮೂವರೂ ಊರಿಗೆ ಬಂದಾಗ ಲಿಂಗಯ್ಯ ಹುಳುಮನೆಯ ಮುಂದೆ ಕಾಲು ಚಾಚಿ ಕೂತಿದ್ದ. ಹುಳು ಚಂದ್ರಿಕೆ ಏರಿದ್ದವು. ಒಂದು ಪಾಲು ತಡವಾಗಿ ಕಸದಲ್ಲೇ ನೂಲು ಬಿಟ್ಟಿತ್ತು.

"ಅಕ್ಕ, ಕಾಲು ನೋಡು. ಬೆಳ್ಳಗೆ ಬ್ಯಾಂಡೇಜು ಸುತ್ತಿದಂಗಾಗೈತೆ. ಎಷ್ಟು ಸಲ ಅದ್ದಿದ್ದೀನಿ ಗೊತ್ತಾ?"

ಹೊಂಬಾಳಮ್ಮ ನಿಜವಾಗಿಯೂ ಬಗ್ಗಿ ಅವನ ಕಾಲು ನೋಡಿದಳು. ಆಮೇಲೆ ಬೇಸಿನ್ನಿನ ನೀರನ್ನೂ ನೋಡಿದಳು. "ಕೈಯಿಂದ ಕಣ್ಣು ಮುಟ್ಕೋಬ್ಯಾಡ" ಎಂದು ಒಳಗೆ ಹೋದಳು.

ಕಣ್ಣು ವಾಸಿಯಾಯಿತು. ಬಲಗಣ್ಣಿನ ಅಂಚಿನಲ್ಲಿ ಒಂದು ಮಸುಕು ಕಲೆ ಉಳಿಯಿತು. ನೋಟಕ್ಕೆ ಅಡ್ಡಿಯಿಲ್ಲ, ಹೋಗುವುದೂ ಇಲ್ಲ. ಅಷ್ಟು ದಿನವೂ ಲೆನ್ಸಿಲ್ಲದೆ ಹಳೆಯ ಕನ್ನಡಕವೇ ಹುಡುಗಿಯ ಮೂಗಿನ ಮೇಲಿತ್ತು. ಮುಂದೇನು ಎಂಬ ಪ್ರಶ್ನೆ ಎದ್ದದ್ದು ಕೊನೆಯ ಪರೀಕ್ಷೆಯ ದಿನ. ಡಾಕ್ಟರು ಎರಡೂ ದಾರಿಯನ್ನು ಬಿಡಿಸಿಟ್ಟರು. ನಿಯಮ ಪಾಲಿಸುವುದಾದರೆ ಮತ್ತೆ ರಾತ್ರಿ ಲೆನ್ಸು ಹಾಕಬಹುದು. ಎಷ್ಟೋ ಮಕ್ಕಳು ತೊಂದರೆಯಿಲ್ಲದೆ ಹಾಕುತ್ತಾರೆ. ಅದು ಬೇಡವೆಂದರೆ, ನಂಬರು ಏರುವುದನ್ನು ನಿಧಾನಗೊಳಿಸಲೆಂದೇ ಮಾಡಿದ ಗಾಜಿನ ಕನ್ನಡಕಗಳು ಬಂದಿವೆ. ಅವನ್ನು ದಿನವಿಡೀ ಹಾಕಬೇಕು, ಬಿಸಿಲು ಬೆಳಕಿನಲ್ಲಿ ಆಡಬೇಕು. ಸಾಮಾನ್ಯ ಕನ್ನಡಕದಿಂದ ಕಣ್ಣು ಕಾಣುತ್ತದೆಯೇ ಹೊರತು ನಂಬರು ಏರುವುದು ನಿಧಾನವಾಗುವುದಿಲ್ಲ.

"ಲೆನ್ಸೇ ಇರ್ಲಿ" ಎಂದಳು ದೀಪಿಕ. "ಇನ್ಮೇಲೆ ಉರಿ ಬಂದ್ರೆ ಹೇಳ್ತೀನಿ. ನಡುಮನೇಲೇ ಹಾಕ್ಕೋತೀನಿ."

"ಹೌದವ್ವ" ಎಂದ ಶಿವರಾಜು. "ಆಗಿದ್ದು ಒಂದು ತಪ್ಪಿನಿಂದ. ತಪ್ಪು ಗೊತ್ತಾಯ್ತಲ್ಲ."

"ಗೊತ್ತಾಗಿದ್ದು ಒಂದು" ಎಂದಳು ಹೊಂಬಾಳಮ್ಮ. "ಗೊತ್ತಿಲ್ದೆ ಇರೋದು ಎಷ್ಟವೋ. ಈ ಯಾಸ್ಮಿನವ್ವ ನಂಗೆ ಬಿಡಿಸಿ ಏಳಿತ್ತು. ಈ ಬಾಟ್ಲಿ ಬಿಟ್ಟು ಇನ್ನೇನೂ ತಾಗಬಾರ್ದು ಅಂದಿತ್ತು. ನಾನು ಕೇಳುಸ್ಕೊಂಡೆ, ನಂಗೊತ್ತು ಅಂದ್ಕೊಂಡೆ. ನಾಳೆ ಇನ್ನೊಂದು ವಿಚಾರ್ದಾಗೂ ನಂಗೊತ್ತು ಅಂತೀನಿ. ನನ್ನ ಸ್ವಭಾವ ಈಗ ಬದಲಾಗಾಕಿಲ್ಲ. ಮನೇಲಿ ವರ್ಸಕ್ಕೆ ಇಷ್ಟು ಬೆಳೆ ಹುಳ, ಪುಡಿ, ಬ್ಲೀಚಿಂಗು. ನೀನು ಮಳವಳ್ಳೀಲಿ, ನಿನ್ನೆಂಡ್ರು ಗಾರ್ಮೆಂಟ್ಸಲ್ಲಿ. ಈ ಮಗ ನೋವ ಮುಚ್ಚಿಡ್ತದೆ. ಲೆನ್ಸು ಒಳ್ಳೇದೇ. ನಮ್ಮನೆ ಅದಕ್ಕೆ ಒಳ್ಳೇದಲ್ಲ."

"ಖೋಖೋ ಅಜ್ಜಿ?" ಎಂದಳು ಹುಡುಗಿ.

"ಕನ್ನಡ್ಕ ಕಟ್ಕೊಂಡು ಆಡು. ಬಿದ್ರೆ ಎತ್ಕೊ. ಕಣ್ಣು ಬಿದ್ರೆ ಎತ್ಕೊಳಾಕಾಗಾಕಿಲ್ಲ."

ಯಾಸ್ಮಿನ್ ಒಳಗಿನಿಂದ ಆಟಗಾರರು ತಲೆಗೆ ಬಿಗಿಯುವ ರಬ್ಬರು ಪಟ್ಟಿಯೊಂದನ್ನು ತಂದು ಹುಡುಗಿಯ ಮುಂದಿಟ್ಟಳು. ಹುಡುಗಿ ಅದನ್ನು ಮುಟ್ಟಲಿಲ್ಲ. ಹೊಂಬಾಳಮ್ಮ ಚೀಲಕ್ಕೆ ಹಾಕಿಕೊಂಡಳು.

ಹೊಸ ಕನ್ನಡಕ ಬಂತು. ಅದನ್ನು ಕಟ್ಟಿಕೊಂಡು ಆಡಿದ ಮೊದಲ ಪಂದ್ಯದಲ್ಲಿ ಪಟ್ಟಿ ಸಡಿಲವಾಗಿ, ಸರಿಮಾಡಿಕೊಳ್ಳಲು ನಿಂತ ಕ್ಷಣದಲ್ಲೇ ದೀಪಿಕ ಔಟಾದಳು. ಹಳೆಯ ಹೆಸರು ಮತ್ತೆ ಹುಟ್ಟಿತು. ಮನೆಗೆ ಬಂದು ಚೀಲ ಎಸೆದು, "ನಿನ್ನಿಂದ ಸೋತೆ" ಎಂದಳು.

"ಸೋತಿದ್ದು ಪಟ್ಟಿ ಸಡ್ಲ ಬಿಟ್ಟಿದ್ಕೆ. ಇಲ್ಲಿ ಬಾ" ಎಂದು ಹೊಂಬಾಳಮ್ಮ ಪಟ್ಟಿಯನ್ನು ಅವಳ ತಲೆಯ ಅಳತೆಗೆ ಮಡಚಿ ಗಟ್ಟಿ ದಾರದಲ್ಲಿ ಹೊಲಿದಳು. ಆಮೇಲೆ ಅದು ಜಾರಲಿಲ್ಲ. ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಕನ್ನಡಕದ ಮೇಲೆ ಹೊರಿಸಲು ಮಾತ್ರ ಆಗಲಿಲ್ಲ. ವರ್ಷದ ಕೊನೆಯ ಪರೀಕ್ಷೆಯಲ್ಲಿ ನಂಬರು ಹಿಂದಿನ ವರ್ಷಗಳಿಗಿಂತ ಕಡಿಮೆ ಏರಿತ್ತು. ಏರದೆ ಇರಲಿಲ್ಲ. "ಇಷ್ಟಾದ್ರೆ ಸಾಕು" ಎಂದಳು ಹೊಂಬಾಳಮ್ಮ. ಮುಂದಿನ ಪರೀಕ್ಷೆ ಯಾವಾಗ ಎಂದು ಕೇಳಿಕೊಂಡು ಎದ್ದಳು.

ಈಗಲೂ ಶಾಲೆಗೆ ರಜೆಯಿದ್ದ ದಿನ ದೀಪಿಕ ಹುಳುಮನೆಯ ಕೆಲಸಕ್ಕೆ ಬರುತ್ತಾಳೆ. ಮೊನ್ನೆ ನಾಲ್ಕನೇ ಜ್ವರ ಎದ್ದ ಹುಳುಗಳಿಗೆ ಅಜ್ಜಿ ಪುಡಿ ಕುಟ್ಟುತ್ತಿದ್ದಳು, ಮೊಮ್ಮಗಳು ಹಿಂದಿನಿಂದ ಸೊಪ್ಪು ಹಾಸುತ್ತಿದ್ದಳು. ಮುಗಿದ ಮೇಲೆ ಇಬ್ಬರೂ ಹೊರಗೆ ಬಂದರು. ಬಿಸಿಲಿಗೆ ಬಂದಾಗ ಹುಡುಗಿಯ ಕನ್ನಡಕದ ಎರಡು ಗಾಜಿನ ಮೇಲೂ ಪುಡಿ ತೆಳ್ಳಗೆ, ಬೆಳ್ಳಗೆ ಕೂತಿರುವುದು ಹೊಂಬಾಳಮ್ಮನಿಗೆ ಕಂಡಿತು. ಅವಳು ಒಂದು ಗಳಿಗೆ ಅದನ್ನೇ ನೋಡಿದಳು.

"ಏನಜ್ಜಿ?"

"ಏನಿಲ್ಲ. ಮೊದ್ಲು ಸೋಪಾಕಿ ಕೈ ತೊಳ್ಕೊ. ಆಮ್ಯಾಕೆ ಅದನ್ನ ತೆಗೆದು ಒರ್ಸು."